‘ಸರಿ’ ಎನ್ನುವ ಗುಂಡಿ

ಕೊಟ್ಟೂರು
೬ ಜುಲೈ ೨೦೨೪

ಅರ್ಚನಾಗೆ ಸೋದರಮಾವನ ಆಶೀರ್ವಾದ.

ಈ ಕಾಗದ ಹರಪನಹಳ್ಳಿಯಲ್ಲಿ ನಿನ್ನ ಕೈ ಸೇರುವ ಹೊತ್ತಿಗೆ ನಿನ್ನ ಮಾವ ಇರುವುದಿಲ್ಲ. ಡಾಕ್ಟರು ಕೈಚೆಲ್ಲಿದ್ದಾರೆ. ಅವ್ವನಿಗೆ ಮೆಲ್ಲಗೆ ತಿಳಿಸು.

ಅತ್ತೆಯಾ? ಅಳಬ್ಯಾಡ, ಮುಂದ ಓದು. ಇರುವುದಿಲ್ಲ ಅಂದರೆ ಕೊಟ್ಟೂರಲ್ಲಿ ಇರುವುದಿಲ್ಲ. ಹಗರಿಬೊಮ್ಮನಹಳ್ಳಿಗೆ ಹಲ್ಲು ಕೀಳಿಸಿಕೊಳ್ಳಲು ಹೋಗಿರುತ್ತೇನೆ. ಡಾಕ್ಟರು ಕೈಚೆಲ್ಲಿದ್ದು ಆ ಹಲ್ಲಿನ ವಿಷಯದಲ್ಲಿ ಮಾತ್ರ. ಸುಳ್ಳು ಗುಲ್ಲು ಎಬ್ಬಿಸಿದೆ, ಒಪ್ಪಿಕೊಂಡೆ. ಹಲ್ಲು ಹೋದರೂ ಗುಲ್ಲು ಹೋಗಲಿಲ್ಲ ಅಂತ ಬೈದುಕೋ.

ಫೋನ್ ಮಾಡೋಣ ಅಂದರೆ ನನ್ನ ನಂಬರಿಗೆ ನೀನು ಬೀಗ ಜಡಿದಿದ್ದೀ. ಯುಗಾದಿಯಲ್ಲಿ ‘ಅರ್ಚನಾಗೆ ದಿಲ್ಲಿಯಲ್ಲಿ ಪ್ರಶಸ್ತಿ’ ಅಂತ ನಾನು ಬಿಟ್ಟ ಸುದ್ದಿ ನಂಬಿ ನೆಂಟರೆಲ್ಲ ಹಾರ ಹಿಡಿದು ನೀನು ಪಾಠ ಮಾಡುವ ಕಾಲೇಜಿನ ಬಾಗಿಲಿಗೇ ಬಂದರಲ್ಲ, ಅದಕ್ಕೆ ಈ ಶಿಕ್ಷೆ. ‘ಇನ್ನ ಏನಿದ್ರೂ ಕಾಗದದಾಗ ಬರೀರಿ, ಕೆಳಗ ಸಹಿ ಹಾಕ್ರಿ’ ಅಂದೆ. ಬರೆಯುತ್ತಿದ್ದೇನೆ.

ವಿಷಯ ಏನೆಂದರೆ ನಿಮ್ಮ ‘ಹಲಗೆ’. ಮಕ್ಕಳು ಕನ್ನಡದಲ್ಲೇ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರು ಅದು, ಯಾರು ಬೇಕಾದರೂ ಒಳಗು ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು, ನಿನ್ನ ಗುಂಪಿನವರು ನೋಡಿ ಸೇರಿಸಿಕೊಳ್ಳುತ್ತಾರೆ ಅಂತ ನೀನೇ ಹೇಳಿದ್ದೆ. ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಅಲ್ಲಿದ್ದ ಕಂಪ್ಯೂಟರುಗಳನ್ನು ಗುಡೇಕೋಟೆಗೆ ಸಾಗಿಸಿ, ಗ್ರಂಥಾಲಯದ ಪಕ್ಕದ ಕೋಣೆಯಲ್ಲಿಟ್ಟು, ಶನಿವಾರ ಶನಿವಾರ ಹೋಗಿ ಅದನ್ನೇ ಕಲಿಸುತ್ತೇನೆ. ಅಲ್ಲಿ ಒಂದು ಅನಾಹುತ ಆಯಿತು.

ನನ್ನ ಗೆಳೆಯ ಕುರಿ ಪಾಲಾಕ್ಷಪ್ಪ ಗೊತ್ತಲ್ಲ? ಹಿಂಡಿನ ಒಂದೊಂದು ಕುರಿಯನ್ನೂ ಮುಖ ನೋಡಿ ಗುರುತಿಸುತ್ತಾನೆ. ಇದರ ತಾಯಿ ಯಾವುದು, ಅಜ್ಜಿ ಯಾವುದು, ಎಲ್ಲ ಬಾಯಲ್ಲಿ. ಈಗ ಕಣ್ಣು ಮಂಜಾಗುತ್ತಿದೆ. ಅವನ ಮೊಮ್ಮಗಳು ಭೂಮಿಕಾ, ಹತ್ತನೇ ಕ್ಲಾಸು, ಅಜ್ಜ ಹೇಳಿದ್ದನ್ನೆಲ್ಲ ಹಲಗೆಗೆ ಏರಿಸುತ್ತಿದ್ದಳು. ಕಿವಿ ಹೆಂಗೈತಿ, ಕೊಂಬು ಹೆಂಗೈತಿ, ಮಚ್ಚಿ ಎಲ್ಲೈತಿ ಅಂತ ಕಂಪ್ಯೂಟರು ಕೇಳುವುದು. ಉತ್ತರ ಕೊಟ್ಟರೆ ‘ಇದು ಕೆಂಚಿ, ಬೋರಿಯ ಮಗಳು’ ಅನ್ನುವುದು. ಬೇಸಿಗೆ ಪೂರ್ತಿ ಕೂತು ಮಾಡಿದ್ದಳು.

ಹೋದ ಶನಿವಾರ ಅದೆಲ್ಲ ಹೋಯಿತು. ಅವಳ ಕೆಲಸ ನಿಮ್ಮ ಹಲಗೆ ತಾನಾಗೇ ಕೊಡುವ ‘ಹಲಗೆ-೧’ ಎಂಬ ಹೆಸರಿನಲ್ಲಿತ್ತು. ಅದೇ ಹೆಸರಿನಲ್ಲಿ ಇನ್ನೊಂದು ಬಂದು ಅದರ ಮೇಲೆ ಕೂತಿತು. ಕೂರುವ ಮೊದಲು ನಿಮ್ಮ ಪೆಟ್ಟಿಗೆ ಕೇಳಿದ ಪ್ರಶ್ನೆ ಓದು, ಇದ್ದ ಹಾಗೇ ಇಳಿಸಿದ್ದೇನೆ:

‘ಈ ನಾಮಧೇಯದ ಕಡತವು ಅಸ್ತಿತ್ವದಲ್ಲಿದೆ. ಅಧಿಲೇಖಿಸುವುದನ್ನು ರದ್ದುಗೊಳಿಸದಿರಲು ಬಯಸುವಿರಾ?’

ಕೆಳಗೆ ಎರಡು ಗುಂಡಿ: ‘ಸರಿ’, ‘ರದ್ದು’. ಸರಿ ಅಂದರೆ ಯಾವುದು ಸರಿ? ರದ್ದನ್ನು ರದ್ದು ಮಾಡಿದರೆ ಉಳಿಯುವುದು ಬರೀ ರದ್ದಿ. ಇದಕ್ಕೆ ನೀವು ಸಂವಾದ ಪೆಟ್ಟಿಗೆ ಅಂತ ಹೆಸರಿಟ್ಟಿದ್ದೀರಿ, ವಿವಾದ ಪೆಟ್ಟಿಗೆ ಇದು. ಬಟನ್ನಿಗೆ ನಾವು ಗುಂಡಿ ಅನ್ನುವುದು ಸುಮ್ಮನೆ ಅಲ್ಲ ನೋಡವ್ವಾ, ಬಿದ್ದವರಿಗೇ ಗೊತ್ತು ಅದರ ಆಳ.

ಹುಡುಗಿ ಏನೋ ಒತ್ತಿದಳಂತೆ. ಎಲ್ಲ ಅಳಿಸಿಹೋಯಿತಂತೆ. ‘ಅಳಿಸು’ ಅಂತ ಹೆಸರಿಟ್ಟವನು ಜಾಣ. ಮೊದಲು ಕುರಿಗಳನ್ನು ಅಳಿಸಿತು, ಆಮೇಲೆ ಹುಡುಗಿಯನ್ನು ಅಳಿಸಿತು.

ತಪ್ಪೆಲ್ಲ ಪೆಟ್ಟಿಗೆಯದು. ಬೇಗ ತಿದ್ದಿಸು.

ಇಂತಿ, ಒಂದು ಹಲ್ಲು ಕಡಿಮೆಯಾಗಲಿರುವ
ನಾಗೇಂದ್ರಪ್ಪ


ಹರಪನಹಳ್ಳಿ
೧೫ ಜುಲೈ ೨೦೨೪

ಮಾವನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಮೊದಲು ತೆರೆದದ್ದು ನಾನಲ್ಲ, ಅವ್ವ. ಮೊದಲ ನಾಲ್ಕು ಮಾತು ಓದಿ ಕೂತಲ್ಲೇ ಕುಸಿದಳು. ಪಕ್ಕದ ಮನೆಯವರು ಬಂದು ನೀರು ಕುಡಿಸಿ, ಮುಂದಿನದನ್ನು ಓದಿ ಹೇಳಿದ ಮೇಲೆ ಎದ್ದು ಕೂತು, ‘ಬರ್ಲಿ ಅವ, ಉಳಿದ ಹಲ್ಲು ನಾನ ಉದುರಸ್ತೀನಿ’ ಎಂದಳು. ಇನ್ನೂ ಸಿಟ್ಟಿನಲ್ಲಿದ್ದಾಳೆ. ನನಗೂ ನಗು ಬರಲಿಲ್ಲ.

ಪೆಟ್ಟಿಗೆಯ ವಿಷಯ ನೀವು ಹೇಳಿದ್ದು ನಿಜ. ಆ ವಾಕ್ಯ ಓದಿದಾಗಲೆಲ್ಲ ನನಗೇ ನಾಚಿಕೆಯಾಗುತ್ತದೆ. ಯಾರೋ ಅವಸರದಲ್ಲಿ ನಿಘಂಟು ಹಿಡಿದು ಮಾಡಿದ್ದು, ಯಾರೂ ತಿದ್ದದೆ ಉಳಿದಿದೆ. ಖಂಡಿತ ತಿದ್ದೋಣ.

ಆದರೆ ನಮ್ಮಲ್ಲಿ ಒಂದು ಕ್ರಮ ಇದೆ. ದೂರು ತಂದವರು ಮೂರು ಮಾತು ಬರೆದು ಕೊಡಬೇಕು: ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ತಾವೇ ಮಾಡಿದ್ದು, ತಾವೇ ಕಂಡದ್ದು ಮಾತ್ರ. ಅದನ್ನು ಓದಿ ನಾವು ಇಲ್ಲಿ ಹಾಗೇ ಮಾಡಿ ನೋಡುತ್ತೇವೆ, ಅದೇ ತೊಂದರೆ ನಮಗೂ ಬಂದರೆ ಗಂಟು ಎಲ್ಲಿದೆ ಅಂತ ಸಿಗುತ್ತದೆ. ‘ಅಂತೆ’ ಎಂದು ಬರೆದದ್ದನ್ನು ತೆಗೆದುಕೊಳ್ಳುವುದಿಲ್ಲ.

ಮಾವಾ, ನಿಮ್ಮ ಕಾಗದದಲ್ಲಿ ‘ಅಂತೆ’ ಇದೆ. ಹೋಗದ ಮದುವೆಯ ಊಟವನ್ನೂ ಉಂಡವರ ಹಾಗೆ ವರ್ಣಿಸುವವರು ನೀವು. ಇದ್ದ ಕೋಣೆಯಲ್ಲಿ ಆದದ್ದಕ್ಕೆ ಯಾಕೆ ‘ಅಂತೆ’?

ಇನ್ನೊಂದು. ಆ ಕಂಪ್ಯೂಟರನ್ನು ಯಾರೂ ಮುಟ್ಟದ ಹಾಗೆ ಇಡಿ. ಅಳಿಸಿದ್ದು ಒಳಗೆ ಎಲ್ಲೋ ಉಳಿದಿರುತ್ತದೆ, ನಾನು ಬಂದು ಹುಡುಕುತ್ತೇನೆ.

ಅರ್ಚನಾ


ಕೊಟ್ಟೂರು
೪ ಆಗಸ್ಟ್ ೨೦೨೪

ಅರ್ಚನಾಗೆ ಆಶೀರ್ವಾದ. ಹಡಗಲಿಗೆ ಹೋಗಿದ್ದವರ ಕೈಯಲ್ಲಿ ಅವ್ವನಿಗೆ ಮಲ್ಲಿಗೆ ಕಳಿಸಿದ್ದೇನೆ. ಮುಡಿದರೆ ಸಿಟ್ಟು ಇಳಿದಿದೆ ಅಂತ, ದೇವರಿಗೆ ಏರಿಸಿದರೆ ಇನ್ನೂ ಇದೆ ಅಂತ. ಯಾವುದು ಅಂತ ಬರಿ.

ನಿಮ್ಮ ಮೂರು ಮಾತು ತಗೋ.

ನಾನು ಏನು ಮಾಡಿದೆ: ಬೆಳಿಗ್ಗೆ ಕೊಟ್ಟೂರಲ್ಲಿ ಬಸ್ ಹತ್ತಿದೆ, ಕೂಡ್ಲಿಗಿಯಲ್ಲಿ ಇಳಿದು ಮಿರ್ಚಿ ಮಂಡಕ್ಕಿ ತಿಂದೆ, ಗುಡೇಕೋಟೆ ಬಸ್ ಹಿಡಿದೆ. ಏನಾಗಬೇಕಿತ್ತು: ಕುರಿ ಉಳಿಯಬೇಕಿತ್ತು. ಏನಾಯಿತು: ಮಿರ್ಚಿ ಉಳಿಯಿತು, ಎದೆಯಲ್ಲಿ, ಉರಿಯುತ್ತಾ.

ಬೈಬ್ಯಾಡ. ಕೆಲಸದ ಮಾತೂ ಇದೆ. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಜನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ‘ಹಲಗೆ-೧’ ಅನ್ನುವುದು ಅಂಥ ಟವೆಲ್ ಹಾಕಿದ ಸೀಟು. ಆಮೇಲೆ ಹತ್ತಿದವನಿಗೆ ಪೆಟ್ಟಿಗೆ ಏನು ಹೇಳಬೇಕು? ‘ಅಧಿಲೇಖಿಸುವುದನ್ನು’ ಅನ್ನಬೇಕೇನು? ಹೀಗೆ ಅನ್ನಬೇಕು: ‘ಏ ಯಪ್ಪಾ, ತಡಿ! ಇಲ್ಲಿ ಟವಲ್ ಬಿದ್ದೈತಿ, ಕಾಣವಲ್ದೇನು? ಹಿಂದ ಸೀಟ್ ಖಾಲಿ ಅದಾವ, ಅಲ್ಲಿ ಕುಂದ್ರು.’ ಗುಂಡಿಗಳು ಎರಡು: ‘ಹಿಂದ ಹೋಕ್ಕೀನಿ’, ‘ಟವಲ್ ತಗದು ಒಗೀತೀನಿ, ಜಗಳಾ ಬಂದ್ರ ಬರ್ಲಿ’. ಇದನ್ನು ಓದಿಯೂ ಟವೆಲ್ ಎಸೆದವನು ಮನುಷ್ಯನೇ ಅಲ್ಲ.

ಕಂಪ್ಯೂಟರ್ ಹಾಗೇ ಇಡಿ ಅಂದೆ. ಅದು ಆಗುವುದಿಲ್ಲ. ಅವತ್ತೇ ಸಂಜೆ ಅದನ್ನು ಪೂರ್ತಿ ಒರೆಸಿ ಎಲ್ಲ ಹೊಸದಾಗಿ ಹಾಕಿಬಿಟ್ಟಿದ್ದೆ. ಬಹಳ ನಿಧಾನ ಆಗಿತ್ತು ಅದು. ಹುಡುಗಿಯ ಮನಸ್ಸಿಗೂ ಹೊಸದಾಗಿ ಶುರು ಮಾಡಿದ ಹಾಗಿರಲಿ ಅಂತ.

ಇಂತಿ, ಟವೆಲ್ ಹೆಗಲ ಮೇಲೇ ಇರುವ
ನಾಗೇಂದ್ರಪ್ಪ


ಹರಪನಹಳ್ಳಿ
೨ ಸೆಪ್ಟೆಂಬರ್ ೨೦೨೪

ಮಾವನಿಗೆ ನಮಸ್ಕಾರ.

ಅವ್ವ ಮಲ್ಲಿಗೆಯನ್ನು ಅರ್ಧ ದೇವರಿಗೆ ಕೊಟ್ಟು ಅರ್ಧ ಮುಡಿದಳು.

ಟವೆಲ್ಲಿನ ಮಾತನ್ನು ನಮ್ಮ ಗುಂಪಿನವರಿಗೆ ಓದಿ ಹೇಳಿದೆ. ಎಲ್ಲರೂ ನಕ್ಕರು, ಎಲ್ಲರಿಗೂ ವಿಷಯ ತಿಳಿಯಿತು. ಮೊದಲೇ ಒಂದು ಇದೆ, ಅದರ ಜಾಗಕ್ಕೆ ನೀವು ಬರುತ್ತಿದ್ದೀರಿ, ಬೇರೆ ಜಾಗವೂ ಇದೆ. ಪೆಟ್ಟಿಗೆ ಹೇಳಬೇಕಾದದ್ದು ಇಷ್ಟೇ. ಆದರೆ ಜೋಕು ಇಡುವುದಿಲ್ಲ. ಕಳೆದುಕೊಳ್ಳುವ ಹೊತ್ತಿನಲ್ಲಿರುವವರನ್ನು ನಗಿಸಬಾರದು ಮಾವಾ. ನಗುತ್ತಾ ಒತ್ತಿಬಿಡುತ್ತಾರೆ.

ಯಂತ್ರ ಒರೆಸಿದಿರಿ ಎಂದು ಓದಿ ಬಹಳ ಬೇಜಾರಾಯಿತು. ಸಿಕ್ಕೇ ಸಿಗುತ್ತಿತ್ತು ಎಂದು ಹೇಳುವುದಿಲ್ಲ, ಸಿಗಬಹುದಿತ್ತು. ಅವಳನ್ನು ಒಂದು ಮಾತು ಕೇಳಿದ್ದಿರಾ?

ದಸರೆ ರಜೆಯಲ್ಲಿ ನಮ್ಮ ಕಾಲೇಜಿನಲ್ಲಿ ಮಕ್ಕಳಿಗಾಗಿ ಹಲಗೆಯ ಶಿಬಿರ ಇದೆ. ಭೂಮಿಕಾಳನ್ನು ಕರೆದುಕೊಂಡು ಬನ್ನಿ. ನಮ್ಮ ಮನೆಯಲ್ಲೇ ಇರಲಿ. ಕುರಿಗಳನ್ನು ಮತ್ತೆ ಏರಿಸೋಣ, ನಾನು ಜೊತೆಗೆ ಕೂರುತ್ತೇನೆ. ಅವಳ ಅಜ್ಜನ ಕಣ್ಣು ಇರುವಾಗಲೇ ಆಗಬೇಕಾದ ಕೆಲಸ ಅದು.

ನಿಮ್ಮ ಮೂರು ಮಾತು ಇನ್ನೂ ಬಂದಿಲ್ಲ. ಮಿರ್ಚಿಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅರ್ಚನಾ


ಕೊಟ್ಟೂರು
೧೯ ಅಕ್ಟೋಬರ್ ೨೦೨೪

ಅರ್ಚನಾಗೆ ಆಶೀರ್ವಾದ.

ಶಿಬಿರಕ್ಕೆ ನಾವು ಯಾಕೆ ಬರಲಿಲ್ಲ ಅಂತ ನೀನು ಕೇಳುವ ಮೊದಲೇ ಬರೆಯುತ್ತೇನೆ.

ಕರೆಯಲು ಗುಡೇಕೋಟೆಗೆ ಹೋಗಿದ್ದೆ. ಭೂಮಿಕಾ ಶನಿವಾರದ ಕೋಣೆಗೆ ಬರುವುದನ್ನು ಬಿಟ್ಟೇ ಬಹಳ ದಿನವಾಯಿತು, ಅದಕ್ಕೆ ಹಟ್ಟಿಗೇ ಹೋದೆ. ಕುರಿಗಳು ಮೇಯಲು ಹೋಗಿದ್ದವು. ಪಾಲಾಕ್ಷಪ್ಪ ಕಲ್ಲಿನ ಮೇಲೆ ಕೂತಿದ್ದ, ನನ್ನ ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದ.

ಹುಡುಗಿಗೆ ನಿನ್ನ ಮಾತು ಹೇಳಿದೆ. ನೆಲ ನೋಡಿಕೊಂಡು, ‘ಬ್ಯಾಡ ಅಜ್ಜಾ. ನಾ ಮುಟ್ಟಿದ್ದು ಉಳಿಯಂಗಿಲ್ಲ’ ಅಂದು ಒಳಗೆ ಹೋದಳು.

ಅವಳ ತಾಯಿ ಮೈಲಮ್ಮ ಹೊರಗೆ ಬಂದಳು. ‘ಈಕಿ ಕೈಗುಣ ಚೊಲೋ ಅಂತ ಕುರಿ ಮರಿ ಹಾಕೋ ಹೊತ್ತಿಗೆ ಎಲ್ಲಾ ಹಟ್ಟಿಯೋರೂ ಕರಿಯೋರ್ರಿ. ಅಡ್ಡ ಬಿದ್ದ ಮರಿ ಈಕಿ ಕೈ ಇಟ್ರ ಸಲೀಸು ಬರೋದು. ಈಗ ಯಾರು ಕರದ್ರೂ ಹೋಗವಲ್ಲಳು. ಕೈಗುಣ ಕೆಟ್ಟೈತಂತ. ಮನ್ನೆ ನಮ್ಮದ ಒಂದು ಮರಿ ಸತ್ತು ಬಂತು, ಬಾಗಲಾಗ ನಿಂತು ಅತ್ತಳ ಹೊರತು ಮುಟ್ಟಲಿಲ್ಲ.’

ಪಾಲಾಕ್ಷಪ್ಪ, ‘ಕುರಿ ಹೋದ್ರ ಹೋದ್ವು, ಮತ್ತ ಹೇಳ್ತೀನಿ ಬರಕೋ ಬಾ ಅಂತೀನಿ. ಕೇಳವಲ್ಲಳು. ನೀ ಒಂದು ಮಾತು ಹೇಳು ನಾಗೇಂದ್ರಪ್ಪಾ, ನಿನ್ನ ಮಾತು ಕೇಳ್ತಾಳ’ ಅಂದ.

ನಾನು ಪೆಟ್ಟಿಗೆಯ ಕಥೆ ಹೇಳಿದೆ. ಅದು ಹೇಗೆ ವಕ್ರವಾಗಿ ಕೇಳುತ್ತದೆ, ಹರಪನಹಳ್ಳಿಯಲ್ಲಿ ಹೇಗೆ ತಿದ್ದುತ್ತಿದ್ದಾರೆ, ಎಲ್ಲ. ಅವನು ಕೇಳಿಸಿಕೊಂಡ. ‘ಪೆಟ್ಟಿಗಿ ಕೇಳ್ತು, ಖರೆ. ಒತ್ತೋದು ಕೈ ಅಲ್ಲೇನು?’ ಅಂದ.

ಅಷ್ಟರಲ್ಲಿ ಕೊಟ್ರಸ್ವಾಮಿ ಅಂತ ಪಕ್ಕದ ಹಟ್ಟಿಯವನು ಬಂದು ಬಾಗಿಲಲ್ಲಿ ನಿಂತ. ಹಿಂದಿನ ದಿನ ಸಂಜೆ ಸುಟ್ಟ ಮರದ ಬೊಡ್ಡೆ ನೋಡಿ ‘ಕರಡಿ! ಕರಡಿ!’ ಅಂತ ಕೂಗಿ ಎಲ್ಲರನ್ನೂ ಬಡಿಗೆ ಹಿಡಿದು ಓಡಿಸಿದ್ದನಂತೆ. ‘ಕೂಗಿದ್ದು ನಾನ ಕಾಕಾ. ಕರಡಿ ಇರಲಿಲ್ಲ’ ಅಂದ. ಮೈಲಮ್ಮ ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು. ಕುಡಿದು ಮುಂದಿನ ಹಟ್ಟಿಗೆ ಹೋದ.

ನಾನು ನಕ್ಕೆ. ಪಾಲಾಕ್ಷಪ್ಪ ನಗಲಿಲ್ಲ. ‘ಕೂಗಿದ ಬಾಯಿನ ಹಟ್ಟಿ ಹಟ್ಟಿಗೂ ಬಂದು ಆ ಕೂಗು ಇಳಿಸಬೇಕು. ಬ್ಯಾರೆಯವರ ಕೈಯಾಗ ಹೇಳಿ ಕಳಿಸಿದ್ರ ನಡಿಯಂಗಿಲ್ಲ. ಇಲ್ಲಾಂದ್ರ ನಾಳೆ ಖರೇ ಕರಡಿ ಬಂದಾಗ ಯಾರು ಎದ್ದು ಬರ್ತಾರ? ಬಂದು ಹೇಳಿದವಗ ಬೈಯಂಗಿಲ್ಲ ನಾವು. ಮಜ್ಜಿಗಿ ಕೊಡ್ತೀವಿ’ ಅಂದ.

ಮೈಲಮ್ಮ ನನಗೂ ಒಂದು ಲೋಟ ತಂದಳು. ಕುಡಿಯದೆ ಕೆಳಗಿಟ್ಟೆ. ಹಲ್ಲು ಕಿತ್ತ ಜಾಗ ಇನ್ನೂ ಮಾಗಿಲ್ಲ ಅಂತ ಕಾಣುತ್ತದೆ.

ಪೆಟ್ಟಿಗೆ ಬೇಗ ತಿದ್ದಿಸು. ಅದೊಂದು ಸರಿಹೋದರೆ ಎಲ್ಲ ಸರಿಹೋದೀತು.

ನಾಗೇಂದ್ರಪ್ಪ


ಹರಪನಹಳ್ಳಿ
೧೪ ಡಿಸೆಂಬರ್ ೨೦೨೪

ಮಾವನಿಗೆ ನಮಸ್ಕಾರ.

ಹೊಸ ಪೆಟ್ಟಿಗೆ ಮೊನ್ನೆ ಹಲಗೆಗೆ ಸೇರಿತು. ಈಗ ಹೀಗೆ ಕೇಳುತ್ತದೆ:

‘ಹಲಗೆ-೧ ಎಂಬ ಹೆಸರಿನಲ್ಲಿ ಬೇರೊಂದು ಕೆಲಸ ಇದೆ. ಅದನ್ನು ಹಾಗೇ ಬಿಟ್ಟು, ಇದಕ್ಕೆ ಹೊಸ ಹೆಸರು ಕೊಡೋಣವೇ?’

ಗುಂಡಿಗಳು: ‘ಹೊಸ ಹೆಸರು ಕೊಡು’, ‘ಹಳೆಯ ಕೆಲಸವನ್ನು ಅಳಿಸು’. ಅಳಿಸಿದರೂ ಹಳೆಯದರ ಒಂದು ಪ್ರತಿ ಪಕ್ಕದಲ್ಲಿ ಉಳಿದಿರುತ್ತದೆ. ‘ಸರಿ’ ಎನ್ನುವ ಗುಂಡಿಯನ್ನೇ ತೆಗೆದಿದ್ದೇವೆ. ಓದದೆ ಸುಮ್ಮನೆ ಸರಿ ಎನ್ನಲು ಅಲ್ಲಿ ಈಗ ಜಾಗ ಇಲ್ಲ.

ನೆರವಾದವರ ಹೆಸರುಗಳಲ್ಲಿ ನಿಮ್ಮದೂ ಇದೆ: ‘ತೊಂದರೆ ತಿಳಿಸಿದವರು, ನಾಗೇಂದ್ರಪ್ಪ, ಕೊಟ್ಟೂರು.’ ಅವ್ವ ಅದನ್ನು ಎರಡು ಸಲ ಓದಿಸಿ ಕೇಳಿದಳು. ‘ಖರೇ ಏನ? ಮತ್ತ ಅವನ ಹುಡುಗಾಟ ಏನೂ ಅಲ್ಲಲಾ?’ ಎಂದಳು.

ನಾನು ಭೂಮಿಕಾಗೆ ಒಂದು ಕಾರ್ಡು ಬರೆದಿದ್ದೆ. ಉತ್ತರ ಬಂತು. ಅವಳ ಮಾತನ್ನೇ ಇಳಿಸುತ್ತೇನೆ: ‘ಅವತ್ತು ನೀರು ಕುಡಿಯಾಕ ಹೊರಗ ಹೋಗಿದ್ದೆ ಮೇಡಂ. ಬಂದು ನೋಡಿದ್ರ ಹಲಗೆ ಖಾಲಿ ಇತ್ತು. ಏಳೋ ಮುಂದ ನನ್ನ ಕೈ ಯಾವುದಕ್ಕೋ ತಾಗಿರಬೇಕು.’

ಮಾವಾ, ಆ ಪೆಟ್ಟಿಗೆ ಕೈ ತಾಗಿದರೆ ಬರುವುದಿಲ್ಲ. ಯಾರಾದರೂ ಹೊಸ ಹಲಗೆ ತೆರೆದು, ಅದರಲ್ಲಿ ಏನಾದರೂ ಬರೆದು, ಹಳೆಯ ಹೆಸರಿನಲ್ಲೇ ಇಡಲು ಹೋದರೆ ಮಾತ್ರ ಬರುತ್ತದೆ. ನಾನು ಇಲ್ಲಿ ಎಲ್ಲ ರೀತಿಯಲ್ಲೂ ಮಾಡಿ ನೋಡಿದೆ. ಅವಳು ಹೊಸದೇನೂ ಬರೆದಿರಲಿಲ್ಲ, ನೀರು ಕುಡಿಯಲು ಹೋಗಿದ್ದಳು. ಪೆಟ್ಟಿಗೆಯ ಆ ವಾಕ್ಯವನ್ನು ನೀವು ಒಂದಕ್ಷರ ಬಿಡದೆ ಬರೆದು ಕಳಿಸಿದ್ದಿರಿ.

ನಾನು ಏನೂ ಕೇಳುವುದಿಲ್ಲ. ನಿಮ್ಮ ನಂಬರಿನ ಬೀಗ ತೆಗೆದಿದ್ದೇನೆ, ಇನ್ನು ಯಾವಾಗ ಬೇಕಾದರೂ ಫೋನ್ ಮಾಡಿ. ಇದೊಂದನ್ನು ಮಾತ್ರ ಫೋನಿನಲ್ಲಿ ಹೇಳಬೇಡಿ.

ಅರ್ಚನಾ


ಕೂಡ್ಲಿಗಿ ಬಸ್‌ಸ್ಟ್ಯಾಂಡು
೧೧ ಜನವರಿ ೨೦೨೫

ಅರ್ಚನಾ,

ಗುಡೇಕೋಟೆ ಬಸ್ಸು ಇನ್ನೂ ಹೊರಟಿಲ್ಲ. ಟವೆಲ್ ಹಾಕಿ ಸೀಟು ಹಿಡಿದು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಅಂಕುಡೊಂಕಾಗಿದ್ದರೆ ಇಂಜಿನ್ನಿನ ನಡುಕ ಅಂತ ತಿಳಿ.

ನಿನ್ನ ಕಾಗದಕ್ಕೆ ಉತ್ತರವಾಗಿ ಒಂದು ಜೋಕು ಬರೆದೆ, ಹರಿದೆ. ಇನ್ನೊಂದು ಬರೆದೆ, ಅದೂ ಹೋಯಿತು. ಮೂರು ಮಾತು ಕೇಳಿದ್ದೆಯಲ್ಲ, ಅದನ್ನೇ ಕೊಡುತ್ತೇನೆ.

ನಾನು ಏನು ಮಾಡಿದೆ: ಭೂಮಿಕಾ ನೀರಿಗೆ ಎದ್ದಳು. ಅವಳ ಕುರ್ಚಿ ಖಾಲಿ ಆಯಿತು, ಹೋಗಿ ಕೂತೆ. ಮಕ್ಕಳನ್ನು ಬೆಚ್ಚಿಬೀಳಿಸಬೇಕು ಅಂತ ಹೊಸ ಹಲಗೆ ತೆರೆದು ಒಂದು ಕರಡಿ ಮಾಡಿದೆ. ಯಾವ ಅಕ್ಷರ ಒತ್ತಿದರೂ ಗುರ್ ಅಂತ ಮೇಲೆ ಬೀಳುವ ಕರಡಿ. ಇಡಲು ಹೋದೆ. ಪೆಟ್ಟಿಗೆ ಬಂತು. ‘ಸರಿ’ ಒತ್ತಿದೆ.

ಏನಾಗಬೇಕಿತ್ತು: ಮಕ್ಕಳು ಕಿರುಚಬೇಕಿತ್ತು, ನಾನು ನಗಬೇಕಿತ್ತು.

ಏನಾಯಿತು: ಕರಡಿ ಬಂತು. ಕುರಿ ಒಂದೂ ಉಳಿಯಲಿಲ್ಲ.

ಆ ವಾಕ್ಯವನ್ನು ಇಷ್ಟು ತಿಂಗಳು ಬೈದೆನಲ್ಲ, ಅವತ್ತು ನಾನು ಅದನ್ನು ಓದಲೇ ಇಲ್ಲ ಅವ್ವಾ. ಓದಿದ್ದರೆ ತಾನೇ ಗೊಂದಲ ಆಗುವುದು! ಅದು ಮೈಲಿಗಲ್ಲಿನ ಹಾಗೆ ಸ್ಪಷ್ಟವಾಗಿದ್ದರೂ ಒತ್ತುತ್ತಿದ್ದೆ. ಓದಿದ್ದು ಆಮೇಲೆ, ಬೇಕಂತಲೇ ಇನ್ನೊಂದು ಸಲ ತರಿಸಿ, ತಪ್ಪು ಹೊರಿಸಲು ಯಾರಾದರೂ ಸಿಗುತ್ತಾರಾ ಅಂತ ಹುಡುಕುತ್ತಾ. ಪೆಟ್ಟಿಗೆ ಸಿಕ್ಕಿತು. ಅವಳು ಬರುವಷ್ಟರಲ್ಲಿ ಕರಡಿಯನ್ನು ಅಳಿಸಿ ಹಲಗೆ ಖಾಲಿ ಮಾಡಿದೆ. ಸಂಜೆ ಯಂತ್ರವನ್ನೇ ಒರೆಸಿದೆ. ನಿಧಾನ ಆಗಿತ್ತು ಅಂತ ಬರೆದದ್ದು ಸುಳ್ಳು.

ಹೊಸ ಪೆಟ್ಟಿಗೆ ಚೆನ್ನಾಗಿದೆ. ನೆರವಾದವರ ಸಾಲಿನಿಂದ ನನ್ನ ಹೆಸರು ತೆಗೆಸು.

ಈಗ ಹಟ್ಟಿಗೆ ಹೋಗುತ್ತಿದ್ದೇನೆ. ಮೊದಲು ಭೂಮಿಕಾಗೆ, ಆಮೇಲೆ ಪಾಲಾಕ್ಷಪ್ಪ, ಮೈಲಮ್ಮನಿಗೆ. ಆಮೇಲೆ ಅವಳನ್ನು ಮರಿ ಹಾಕಿಸಲು ಕರೆಯುತ್ತಿದ್ದ ಒಂದೊಂದು ಹಟ್ಟಿಗೂ. ‘ಹುಡುಗಿ ಕೈಗುಣಕ್ಕ ಏನೂ ಆಗಿಲ್ರಿ. ಆ ಕೈ ನಂದು’ ಅನ್ನಬೇಕು. ಬಸ್ಸಿನಲ್ಲಿ ಬರುತ್ತಾ ಬಾಯೊಳಗೇ ಅಂದುಕೊಂಡೆ, ಪಕ್ಕದವನು ತಿರುಗಿ ನೋಡಿದ. ಹುಡುಗಾಟ ಅಂದುಕೊಂಡಾರು ಅನ್ನುವುದೇ ಹೆದರಿಕೆ. ನನ್ನ ಬಾಯಿಂದ ನಿಜ ಬಂದರೆ ಯಾರು ಎದ್ದು ಬರುತ್ತಾರೆ?

ಮಜ್ಜಿಗೆ ಕೊಟ್ಟರೆ ಕುಡಿಯುತ್ತೇನೋ ಇಲ್ಲವೋ ಗೊತ್ತಿಲ್ಲ. ಯಾಕೆಂದರೆ ಇನ್ನೊಂದಿದೆ. ಕರಡಿ, ಗುಂಡಿ, ಒರೆಸಿದ್ದು, ಇವೆಲ್ಲ ಹೆದರಿದ ಮುದುಕನ ಕೆಲಸ ಅಂತ ನೀನು ಬಿಟ್ಟರೂ ಬಿಡಬಹುದು. ಇದನ್ನು ಮಾತ್ರ ನಿಂತು, ತಿಳಿದು ಮಾಡಿದೆ.

ಡ್ರೈವರ್ ಹತ್ತಿದ. ಬರೆದು ಮುಗಿಸುತ್ತೇನೆ.

ಭೂಮಿಕಾ ನೀರು ಕುಡಿದು ಬಂದಳು. ಹಲಗೆ ನೋಡಿದಳು, ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, ‘ನಾನ ಏನೋ ತಪ್ಪು ಒತ್ತಿದೆ ಅನ್ನಸ್ತೈತಿ ಅಜ್ಜಾ’ ಅಂದು ಅಳತೊಡಗಿದಳು. ನಾನು ಒತ್ತಿದ ಅದೇ ಕೈಯನ್ನು ಅವಳ ತಲೆಯ ಮೇಲಿಟ್ಟೆ. ‘ಇರ್ಲಿ ಬಿಡವ್ವಾ, ಸಣ್ಣಾಕಿ ನೀನು, ತಪ್ಪಾಗ್ತೈತಿ’ ಅಂದೆ.

ಅವಳನ್ನು ಕ್ಷಮಿಸಿಬಿಟ್ಟೆ, ಅರ್ಚನಾ.

ನಾಗೇಂದ್ರಪ್ಪ